ಕೈಗೆ ಹಾಕಿದ ಬಣ್ಣ

ಬೆಳ್ಳಗಾಗಲೆಂದು ಮುಖಕ್ಕೆ ಹಚ್ಚಿಕೊಂಡು ಮರುದಿನ ಚಹಾದ ಬಣ್ಣಕ್ಕೆ ತಿರುಗಿದ ನಮ್ಮ ಪಕ್ಕದ ಮನೆಯವಳೇ ನನಗೆ ಆ ಬಾಟಲಿಯನ್ನು ಕೊಟ್ಟದ್ದು. ಬನಹಟ್ಟಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವಳ ತವರು ಮುಧೋಳ. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಅವಳ ನಾದಿನಿ ಗಂಡನೊಂದಿಗೆ ಪರದೇಶದಲ್ಲಿದ್ದಳು. ಊರಿಗೆ ಬರುವಾಗ ಸೋಪು, ಸೆಂಟು, ಚಾಕೊಲೇಟುಗಳ ಜೊತೆ ಈ ಲೋಷನ್ನನ್ನೂ ತಂದಿದ್ದಳು. ಬಾಟಲಿಯ ಮೇಲೆ ಬಿಳಿ ಹೆಂಗಸೊಬ್ಬಳು ಸಮುದ್ರದ ದಂಡೆಯಲ್ಲಿ ನಗುತ್ತ ಕುಳಿತ ಚಿತ್ರ. ಬಿಳಿ ಹೆಂಗಸಿನ ಚಿತ್ರ ಇದ್ದಮೇಲೆ ಅದು ಬೆಳ್ಳಗಾಗುವ ಕ್ರೀಮೇ ಎಂದು ತಿಳಿಯಲು ಇಂಗ್ಲಿಷ್ ಓದುವ ಗರಜು ಯಾರಿಗಿತ್ತು? ಮುಧೋಳದಲ್ಲಿ ತಮ್ಮನ ಮದುವೆಯೆಂದು ಹಿಂದಿನ ದಿನ ಸಂಜೆ ಧಾರಾಳವಾಗಿ ಬಳಿದುಕೊಂಡು ಮಲಗಿದಳು. ಬೆಳಿಗ್ಗೆ ಕನ್ನಡಿಯಲ್ಲಿ ಕುತ್ತಿಗೆಯಿಂದ ಕೆಳಗೆ ತಾನಿದ್ದಳು, ಮೇಲೆ ಬೇರೆ ಯಾರೋ ಇದ್ದರು.

ಮದುವೆ ಮುಗಿಸಿ ಬಂದವಳು ನಮ್ಮ ಕಟ್ಟೆಯ ಮೇಲೆ ಕುಳಿತು ಬಾಟಲಿಯನ್ನು ಕುಟ್ಟಿದಳು. "ಇಂಗ್ಲಿಷ್ ಬಲ್ಲವರ ಕಡೆ ಓದಿಸಿದ್ನಿ. ಬೆಳ್ಳಗಿದ್ದವರು ಕಪ್ಪಾಗಾಕ ಹಚ್ಚಕೊಳ್ಳೂ ಔಷಧ ಅಂತ ಇದು. ಬಿಸಲಾಗ ದುಡದವರ ಬಣ್ಣ ಬರಬೇಕಂತ ಅವರಿಗೆ. ಮನ್ಯಾಗ ಕುಂತು ಹಚ್ಚಕೋತಾರಂತ. ನಮ್ಮ ಹೊಲಕ್ಕರ ಬಂದು ಕಬ್ಬು ಕಡೀರಿ ಅನ್ನಬೇಕವರಿಗೆ."

ನಾನು ನಕ್ಕೆ. ನಗುತ್ತ ನಗುತ್ತ ಒಂದು ವಿಚಾರ ತಲೆಗೆ ಬಂದು ನಗು ಅಲ್ಲೇ ನಿಂತಿತು. ಸೆರಗಿನೊಳಗಿದ್ದ ಕೈಗಳನ್ನು ಹೊರತೆಗೆದು, "ನನಗ ಕೊಡ ಅದನ್ನ" ಎಂದೆ.

ಅವಳು ನನ್ನ ಕೈ ನೋಡಿದಳು, ಬಾಟಲಿ ನೋಡಿದಳು, ಕೊಟ್ಟಳು.

ನನ್ನ ಕೈಗಳ ಸಂಗತಿ ಹೇಳಬೇಕು. ಮದುವೆಯಾದ ಮರುವರ್ಷ ಬಲಗೈಯ ತೋರುಬೆರಳಿನ ಉಗುರಿನ ಬುಡದಲ್ಲಿ ಜೋಳದ ಕಾಳಿನಷ್ಟು ಬಿಳಿ ಕಂಡಿತು. ಸುಣ್ಣ ಹತ್ತೇತಿ, ತೊಳಕೋ ಎಂದರು ನನ್ನ ಗಂಡ. ತೊಳೆದೆ. ಅದು ಸುಣ್ಣವಾಗಿರಲಿಲ್ಲ. ಮುಂದೆ ಬೆರಳುಗಳಿಗೆ, ಆಮೇಲೆ ಎಡಗೈಗೆ, ಕಡೆಗೆ ಎರಡೂ ಮಣಿಕಟ್ಟಿನವರೆಗೆ ಹಬ್ಬಿತು. ನೋಯುತ್ತಿರಲಿಲ್ಲ, ತುರಿಸುತ್ತಿರಲಿಲ್ಲ. ಗಂಡನಾದವರು ಎರಡು ಪಾವರ್‌ಲೂಮುಗಳ ಗದ್ದಲದಲ್ಲಿ ದಿನವಿಡೀ ಇದ್ದು ಕಿವಿ ಮಂದ ಮಾಡಿಕೊಂಡಿದ್ದರು. ಊರವರು ಏನಾದರೂ ಅಂದರೂ ಅವರಿಗೆ ಕೇಳುತ್ತಿರಲಿಲ್ಲ, ಅಥವಾ ಕೇಳಿಸಿಕೊಳ್ಳುತ್ತಿರಲಿಲ್ಲ. ನಾನು ಮಾಡಿದ ರೊಟ್ಟಿಯನ್ನು ನನ್ನ ಕೈಯಿಂದಲೇ ತೆಗೆದುಕೊಂಡು ತಿನ್ನುತ್ತಿದ್ದರು. ಅಷ್ಟರಮಟ್ಟಿಗೆ ನಾನು ಪುಣ್ಯವಂತೆ.

ಉಳಿದವರ ಜೊತೆ ನಾನು ಜಗಳಾಡುತ್ತಿದ್ದೆ. ಬಾಯಿ ನನಗೆ ಮೊದಲಿನಿಂದಲೂ ಜೋರು. ತೊನ್ನು ಎಂದು ಯಾರಾದರೂ ನನಗೆ ಕೇಳುವಂತೆ ಅಂದರೆ, ಅವರ ಮನೆಯ ಮೂರು ತಲೆಮಾರಿನ ರೋಗಗಳನ್ನೆಲ್ಲ ಅವರಿಗೂ ಓಣಿಗೂ ಕೇಳುವಂತೆ ನೆನಪಿಸುತ್ತಿದ್ದೆ. ಆದರೆ ಬಾಯಿ ಬಿಡದೆ ಮಾಡುವವರ ಎದುರು ಏನು ಮಾಡುವುದು? ಅದು ನನಗೆ ಗೊತ್ತಿರಲಿಲ್ಲ.

ತಂಗಿಯ ಮದುವೆಯಲ್ಲಿ ಹಾಗಾಯಿತು. ತಂಗಿ ಇನ್ನೂ ಶಾಲೆಗೆ ಹೋಗುವಾಗಲೇ ನಮ್ಮ ಅವ್ವ ತೀರಿಕೊಂಡಿದ್ದಳು. ತಂಗಿಗೆ ಜಡೆ ಹಾಕಿದ್ದು, ಬೈದದ್ದು, ಊಟಕ್ಕೆ ಕರೆದದ್ದು ಎಲ್ಲ ನಾನೇ. ಅವಳನ್ನು ಬೀಳಗಿ ಕಡೆಯ ಒಂದು ಮನೆತನಕ್ಕೆ ಕೊಟ್ಟೆವು. ಮದುವೆಯ ದಿನ ಅವ್ವನ ಜಾಗದಲ್ಲಿ ನಿಂತು ಬೀಗತಿಗೆ, ಅಂದರೆ ತಂಗಿಯ ಅತ್ತೆಗೆ, ಕುಂಕುಮ ಹಚ್ಚಿದೆ. ಆಕೆ ಹಣೆ ಕೊಟ್ಟರು. ನಾನು ಅತ್ತ ತಿರುಗಿದ್ದೇ ತಡ, ಸೆರಗಿನ ಚುಂಗಿನಿಂದ ಅದನ್ನು ಒರೆಸಿ, ತಟ್ಟೆಯಿಂದ ತಾವೇ ಬೇರೆ ಕುಂಕುಮ ತೆಗೆದು ಇಟ್ಟುಕೊಂಡರು. ನಾನು ಇನ್ನೊಬ್ಬರಿಗೆ ಹಚ್ಚಲು ಹೊರಳಿದಾಗ ಕಂಡುಬಿಟ್ಟಿತು. ಏನೂ ಅನ್ನಲಿಲ್ಲ. ತಂಗಿಯ ಅಕ್ಷತೆ ಬೀಳುವ ಹೊತ್ತು ಅದು. ಆದರೆ ಆ ದಿನ ಉಂಡದ್ದು ಏನೆಂದು ಈಗಲೂ ನೆನಪಿಲ್ಲ, ಆ ಸೆರಗಿನ ಅಂಚು ಮಾತ್ರ ನೆನಪಿದೆ.

ಈಗ ತಂಗಿ ಬಸುರಿ. ನಮ್ಮ ಕಡೆ ಬಸುರಿಗೆ ಕುಬಸ, ಅಂದರೆ ಸೀಮಂತ, ಮಾಡುತ್ತೇವೆ. ತವರಿನಿಂದ ಹಸಿರು ಸೀರೆ, ಹಸಿರು ಬಳೆ, ಗುಳೇದಗುಡ್ಡದ ಖಣ ಹೋಗಬೇಕು. ಅವಳನ್ನು ಕೂಡ್ರಿಸಿ ತಾಯಿ ಮೊದಲು ಉಡಿ ತುಂಬಬೇಕು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ ಬೇರು ಇವನ್ನು ಹಿಡಿ ಹಿಡಿಯಾಗಿ ಮಗಳ ಮಡಿಲಿಗೆ ಹಾಕಿ ಹರಸಬೇಕು. ತಾಯಿ ಇಲ್ಲದಿದ್ದರೆ ಅಕ್ಕ. ಅಂದರೆ ಈ ಕೈ.

ಬೀಗತಿ ಒಪ್ಪುತ್ತಾರೆಯೇ? ಅದೊಂದೇ ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಏರಿ ಅವರ ಹಳೆಯ ಊರು ಮುಳುಗಿದ ಹೊಸತು ಅದು. ದಿಬ್ಬದ ಮೇಲಿನ ಪುನರ್ವಸತಿ ಕೇಂದ್ರದಲ್ಲಿ ಮನೆ ಕಟ್ಟಿಕೊಂಡಿದ್ದರು. ಹಳೆಯ ಮನೆಯ ಸಾಗವಾನಿ ಬಾಗಿಲು ಚೌಕಟ್ಟನ್ನು ಕಿತ್ತು ತಂದು ಹೊಸ ಇಟ್ಟಂಗಿ ಗೋಡೆಗೆ ಕೂಡ್ರಿಸಿದ್ದರು. ಮನೆಗಿಂತ ಬಾಗಿಲೇ ದೊಡ್ಡದಾಗಿ ಕಾಣುತ್ತಿತ್ತು. ಆ ಮನೆಯಲ್ಲಿ ಹುಟ್ಟುವ ಮೊದಲ ಕೂಸು ಇದು. ಬೀಗತಿ ಸೊಸೆಗೆ ಗ್ರಹಣ ನೋಡಗೊಡಲಿಲ್ಲ, ಹಿನ್ನೀರಿನ ಕಡೆ ಹೋಗಗೊಡಲಿಲ್ಲ, ಹೊಲಿಗೆ ಸೂಜಿಯನ್ನು ಸಹ ಮುಟ್ಟಗೊಡಲಿಲ್ಲ. ಅಂಥವರು ನನ್ನ ಕೈಯ ಹಿಡಿಯಕ್ಕಿ ಆ ಉಡಿಗೆ ಬೀಳಗೊಡುತ್ತಾರೆಯೇ?

ಅದಕ್ಕೇ ಬಾಟಲಿ ಬೇಕಾಗಿತ್ತು.

ಮೊದಲ ಸಲ ಹಚ್ಚಿದ್ದು ಮಧ್ಯಾಹ್ನ. ಹಚ್ಚಿದ ಮೇಲೆ ಒಂದು ತಾಸು ಏನೂ ಆಗಲಿಲ್ಲ, ಮೋಸ ಎಂದುಕೊಂಡೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಿಳಿಯ ಮೇಲೆ ತೆಳ್ಳಗೆ ಬೆಲ್ಲದ ಬಣ್ಣ ಏರುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಕೈಗಳು ಕೈಗಳಾಗಿದ್ದವು. ಉಗುರು ಹಳದಿಯಾಗಿದ್ದವು, ಅಂಗೈ ಹುರಿದ ಶೇಂಗಾದ ಸಿಪ್ಪೆಯಂತಾಗಿತ್ತು, ಕಲೆಗಳ ಅಂಚು ಅಲ್ಲಲ್ಲಿ ಕಪ್ಪಿಟ್ಟಿತ್ತು. ಇರಲಿ. ದೂರದಿಂದ ನೋಡಿದರೆ ಯಾರೂ ಎರಡನೆಯ ಸಲ ನೋಡುವಂತಿರಲಿಲ್ಲ. ಕಾಯಿಪಲ್ಲೆ ಸಂತೆಗೆ ಹೋಗಿ ಸೆರಗು ಹೊದ್ದುಕೊಳ್ಳದೆ, ಎರಡೂ ಕೈ ಚಾಚಿ ಬದನೆಕಾಯಿ ಆರಿಸಿದೆ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಆರಿಸಿದೆ. ಮನೆಗೆ ಬಂದು ಅತ್ತುಬಿಟ್ಟೆ. ಸಂತೋಷಕ್ಕೆ ಅತ್ತದ್ದು, ಅದನ್ನು ಮುಚ್ಚಿಡುವುದೇಕೆ.

ಆದರೆ ಭಾಂಡೆ ತಿಕ್ಕುವ ಕೈಯ ಮೇಲೆ ಆ ಬಣ್ಣ ಎಷ್ಟು ದಿನ ನಿಂತೀತು? ವಾರದೊಳಗೆ ತೇಪೆ ತೇಪೆಯಾಗಿ ಹೋಗಿಬಿಟ್ಟಿತು. ಮತ್ತೆ ಹಚ್ಚಿದೆ. ಆ ಸಲ ಬೆರಳ ಸಂದಿಯಲ್ಲಿ ಒಂದಿಷ್ಟು ತುರಿಕೆ ಬಂತು. ಬ್ಯಾಸಿಗೆಯ ಬೆವರು ಎಂದುಕೊಂಡು ಬಿಟ್ಟೆ. ಬಾಟಲಿ ತೆಗೆದುಕೊಂಡು ರಬಕವಿಗೆ, ಅಪ್ಪನ ಹತ್ತಿರ ಹೋದೆ.

ನಮ್ಮಪ್ಪ ನೂಲಿಗೆ ಬಣ್ಣ ಹಾಕುವವನು. ಅವನ ಬಣ್ಣದ ಮನೆಯಲ್ಲಿ ತಾಮ್ರದ ಹಂಡೆಗಳು, ಬಡಿಗೆಗೆ ತೂಗಿಬಿಟ್ಟ ನೂಲಿನ ಲಡಿಗಳು, ನೆಲದ ಮೇಲೆ ಹರಿದು ಹೋಗುವ ಆ ದಿನದ ಬಣ್ಣದ ನೀರು. ಅವನ ಕೈ ಮೊಣಕೈವರೆಗೆ ಒಮ್ಮೆ ನೇರಳೆ, ಒಮ್ಮೆ ಹಸಿರು, ಎರಡೂ ಕೂಡಿದಾಗ ಹೇಳಲಾಗದ ಇನ್ನೊಂದು. ನಾವು ಸಣ್ಣವರಿದ್ದಾಗ ಅಪ್ಪನ ಕೈಯ ಖರೆ ಬಣ್ಣ ಯಾವುದೆಂದು ನನಗೂ ತಂಗಿಗೂ ವಾದ ನಡೆಯುತ್ತಿತ್ತು. ಅಂಥ ಮನೆಯಲ್ಲಿ ಬೆಳೆದ ನಾನು ಕೈಯ ಬಣ್ಣಕ್ಕೆ ನಾಚಬೇಕಾಗಿ ಬಂದದ್ದು ನೋಡಿದರೆ ಒಮ್ಮೊಮ್ಮೆ ನನಗೇ ಸಿಟ್ಟು ಬರುತ್ತಿತ್ತು. ಅಪ್ಪನಿಗೆ ಸಿಟ್ಟಿರಲಿಲ್ಲ, ಸಂಕಟವಿತ್ತು. ಎಷ್ಟು ಸೀರಿಗೆ ಬಣ್ಣ ಕಟ್ಟೇನಿ, ಮಗಳ ಕೈಗೆ ಕಟ್ಟಾಕ ಆಗಲಿಲ್ಲ ಎಂದು ಯಾರ ಹತ್ತಿರವೋ ಅಂದದ್ದು ನನ್ನ ಕಿವಿಗೂ ಬಿದ್ದಿತ್ತು.

ಹಾಗಾಗಿ ಬಾಟಲಿಯನ್ನು ಮುಂದಿಟ್ಟಾಗ ಅವನ ಮುಖ ಅರಳಿತು. ಒಂದು ಹನಿ ಹೆಬ್ಬೆರಳಿಗೆ ಹಾಕಿ ತಿಕ್ಕಿದ, ಮೂಸಿದ, ಬೆಳಕಿಗೆ ಹಿಡಿದ. ನನ್ನ ಕೈಯ ಮಾಸಿದ ಬಣ್ಣ ನೋಡಿ ತೀರ್ಪು ಕೊಟ್ಟ.

"ಬಣ್ಣ ಛಲೋ ಐತಿ. ಕಚ್ಚಾ ಐತಿ, ಅಷ್ಟ. ನೀ ಕಟ್ಟೂದು ಬಿಟ್ಟಿ."

"ಕಟ್ಟೂದು ಅಂದ್ರ?"

"ನೂಲಿಗೆ ಬರೇ ಬಣ್ಣ ಹಾಕಿದ್ರ ನಿಲ್ತೈತೇನ? ಪಟಕ ಬೇಕು, ಉಪ್ಪು ಬೇಕು, ಹುಳಿ ಬೇಕು. ಆಮ್ಯಾಲ ಹಸಿ ಗ್ವಾಣ್ಯಾಗ ಸುತ್ತಿ ಬಣ್ಣ ಕೂಡ್ರಾಕ ಬಿಡಬೇಕು. ಪರದೇಶದವರಿಗೆ ಇದೆಲ್ಲಾ ಎಲ್ಲಿ ಗೊತ್ತಿರತೈತಿ?"

ಅವನು ಹೇಳಿದ್ದು ನನಗೂ ಸರಿಯೆಂದೇ ಅನ್ನಿಸಿತು. ಬಣ್ಣದ ವಿಷಯದಲ್ಲಿ ಅಪ್ಪನ ಮಾತಿಗೆ ಎರಡಿಲ್ಲ ಎಂದು ನಂಬಿ ಬೆಳೆದವಳು ನಾನು. ಕ್ಷೌರದವರು ಗಾಯಕ್ಕೆ ತಿಕ್ಕುವ ಪಟಕದ ಹರಳನ್ನು ಬಿಸಿನೀರಿನಲ್ಲಿ ಕರಗಿಸಿ, ಉಪ್ಪು ಹಾಕಿ, ಲಿಂಬೆಹಣ್ಣು ಹಿಂಡಿದ. ಲೋಷನ್ನನ್ನು ದಪ್ಪಗೆ ಹಚ್ಚಿದ. ಬಣ್ಣ ಏರತೊಡಗಿದ ಮೇಲೆ ಕೈಗಳನ್ನು ಆ ನೀರಿನಲ್ಲಿ ಅದ್ದಿಸಿದ. ಚುರುಗುಟ್ಟಿತು. "ಹಿಡಿಯಾಕತ್ತೇತಿ" ಎಂದ. ಮತ್ತೊಮ್ಮೆ ಲೋಷನ್ನು. ಆಮೇಲೆ ಹಸಿ ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಚೀಲ ಹಾಕಿ, ಮಣಿಕಟ್ಟಿಗೆ ನೂಲಿನಿಂದ ಕಟ್ಟಿದ. ಹೊತ್ತು ಮುಳುಗುವವರೆಗೆ ಬಿಚ್ಚಬಾರದು ಎಂದು ಅಪ್ಪಣೆಯಾಯಿತು.

ಆ ಇಡೀ ಮಧ್ಯಾಹ್ನ ನಾನು ಹೊರಸಿನ ಮೇಲೆ ಎರಡು ಗಂಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಅಪ್ಪ ರೊಟ್ಟಿ ಮುರಿದು, ಪಲ್ಲೆ ಹಚ್ಚಿ, ತನ್ನ ನೇರಳೆ ಬೆರಳಿನಿಂದ ಬಾಯಿಗಿಟ್ಟ. ಬಸಿಯಲ್ಲಿ ಚಹಾ ಆರಿಸಿ ಕುಡಿಸಿದ. ಅವ್ವ ಹೋದಮೇಲೆ ನಮಗೆ ಅಡಿಗೆ ಮಾಡಲು ಬರದೆ ಒದ್ದಾಡಿದ ದಿನಗಳ ಸುದ್ದಿ ತೆಗೆದು ನಗಿಸಿದ. ಮುಂದೆ ಆದದ್ದೆಲ್ಲ ಆದರೂ ಆ ಮಧ್ಯಾಹ್ನವನ್ನು ಕೆಟ್ಟದ್ದೆಂದು ನನಗೆ ಅನ್ನಲಾಗುವುದಿಲ್ಲ.

ಬಿಚ್ಚಿದಾಗ ಬಣ್ಣ ಗಾಢವಾಗಿ ಹಿಡಿದಿತ್ತು. ಅಪ್ಪ ಹೆಮ್ಮೆಯಿಂದ ನೋಡಿದ. ಮರುದಿನ ಬನಹಟ್ಟಿಗೆ ಬಂದೆ. ಅಂದು ಸಂಜೆಯಿಂದ ತುರಿಕೆ ಶುರುವಾಯಿತು. ಮೊದಲು ಬೆರಳ ಸಂದಿಗೆ, ಆಮೇಲೆ ಕೈ ಮೇಲೆಲ್ಲ. ಬೆಳಗಾಗುವಷ್ಟರಲ್ಲಿ ಕೈಗಳು ಊದಿ, ಚರ್ಮ ಕೆಂಪಗೆ ಬಿಗಿದು, ಸಾಬುದಾಣಿಯಂಥ ನೀರುಗುಳ್ಳೆಗಳೆದ್ದಿದ್ದವು. ಬಳೆಗಳು ಮಣಿಕಟ್ಟಿಗೆ ಕಚ್ಚಿಕೊಂಡಿದ್ದವು. ಗಂಡ ಕೊಬ್ಬರಿ ಎಣ್ಣೆ ಸವರಿ ಒಂದೊಂದೇ ಜಾರಿಸಿ ತೆಗೆಯುವಾಗ ನಾನು ಹಲ್ಲು ಕಚ್ಚಿಕೊಂಡಿದ್ದೆ. ಬಣ್ಣ ಇನ್ನೂ ಹಾಗೇ ಇತ್ತು. ಗುಳ್ಳೆಗಳ ಮೇಲೂ ಬೆಲ್ಲದ ಬಣ್ಣ. ಪಕ್ಕದ ಮನೆಯವಳು ಬಂದು ನೋಡಿ, ಎರಡೂ ಭಾಷೆಯಲ್ಲಿ ತನ್ನ ನಾದಿನಿಯನ್ನು ಶಪಿಸಿದಳು.

ಸುದ್ದಿ ತಿಳಿದು ಅಪ್ಪ ಓಡಿಬಂದ. ಮೂವರೂ ಜಮಖಂಡಿಗೆ ಹೋದೆವು. ಅಲ್ಲಿನ ಚರ್ಮದ ಡಾಕ್ಟರು ಒಬ್ಬ ಹೆಂಗಸು, ನನಗಿಂತ ಬಹಳ ದೊಡ್ಡವರಲ್ಲ. ಆಕೆ ನನ್ನ ಕೈಯನ್ನು ತಮ್ಮ ಬರಿಗೈಯಲ್ಲಿ ತೆಗೆದುಕೊಂಡು ಬೆಳಕಿಗೆ ಹೊರಳಿಸಿ ನೋಡಿದರು. ಗಂಡ, ಅಪ್ಪ, ತಂಗಿ ಬಿಟ್ಟರೆ ನನ್ನ ಕೈಯನ್ನು ಹಾಗೆ ಹಿಡಿದವರು ಆ ಕೆಲವು ವರ್ಷಗಳಲ್ಲಿ ಬೇರೆ ಯಾರೂ ಇರಲಿಲ್ಲ. ಬಾಟಲಿ ಓದಿದರು. ಬಣ್ಣದಿಂದಲೇ ಹೀಗಾಗುವುದು ಕಡಿಮೆ, ಅದರಲ್ಲಿ ವಾಸನೆಗೆಂದೂ ಕೆಡದಿರಲೆಂದೂ ಹಾಕಿದ ಯಾವುದೋ ವಸ್ತು ನನ್ನ ಮೈಗೆ ಆಗದೆ ಇರಬಹುದು ಎಂದರು. ಮೊದಲ ಸಲ ಮೈ ಸುಮ್ಮನಿದ್ದರೂ ಆಮೇಲೆ ಗುರುತು ಹಿಡಿದು ತಿರುಗಿ ಬೀಳುತ್ತದೆಯಂತೆ.

"ಇದರ ಮ್ಯಾಲ ಮತ್ತೇನರ ಹಚ್ಚಿದ್ರೇನು?" ಎಂದು ಕೇಳಿದರು.

ಅಪ್ಪ ಪಟಕ, ಉಪ್ಪು, ಲಿಂಬೆಹಣ್ಣು, ಪ್ಲಾಸ್ಟಿಕ್ ಚೀಲ ಎಲ್ಲವನ್ನೂ ಕ್ರಮವಾಗಿ ಹೇಳಿದ. ಡಾಕ್ಟರು ನಗು ತಡೆದುಕೊಳ್ಳಲು ಬಾಟಲಿಯನ್ನು ಮತ್ತೊಮ್ಮೆ ಓದಿದರು. ಚೀಲದೊಳಗೆ ಕಟ್ಟಿಟ್ಟಿದ್ದರಿಂದ ಆಗದ ವಸ್ತು ಇನ್ನೂ ಒಳಗೆ ಇಳಿದಿದೆ, ಹುಳಿ ಉಪ್ಪು ಉರಿಯನ್ನು ಹೆಚ್ಚಿಸಿವೆ ಎಂದರು. ಹಚ್ಚಲು ಮುಲಾಮು, ನುಂಗಲು ಗುಳಿಗೆ, ತಣ್ಣೀರ ಬಟ್ಟೆ. ಕಡೆಗೆ ಅಂದರು: "ಹೊಸಾದು ಏನ ಹಚ್ಚಕೊಳ್ಳೂದಿದ್ರೂ ಮೊದಲ ಮೊಣಕೈ ಒಳಗ ಒಂದೀಟ ಹಚ್ಚಿ ಎರಡ ಮೂರ ದಿವಸ ನೋಡಬೇಕ್ರಿ. ಏನೂ ಆಗಲಿಲ್ಲ ಅಂದ್ರ ಮುಂದ."

ಅಪ್ಪನ ಮುಖ ಇಳಿದುಹೋಯಿತು. ಹೊಸ ಬಣ್ಣ ಬಂದರೆ ಹಂಡೆ ತುಂಬ ನೂಲು ಮುಳುಗಿಸುವ ಮೊದಲು ಒಂದು ಸಣ್ಣ ಲಡಿ ಅದ್ದಿ, ಒಣಗಿಸಿ, ತಿಕ್ಕಿ, ತೊಳೆದು ನೋಡದೆ ಎಂದೂ ಮುಂದುವರಿದವನಲ್ಲ ಅವನು. ಬಸ್ ನಿಲ್ದಾಣದ ಕಲ್ಲಿನ ಬೆಂಚಿನ ಮೇಲೆ ಕುಳಿತಾಗ ಅಂದ: "ನೂಲಿಗೆ ನೋಡ್ತೇನಿ. ಮಗಳಿಗೆ ನೋಡಲಿಲ್ಲ."

"ಸಾಕು ಬಿಡಪಾ. ನಾನೇನ ಸಣ್ಣ ಹುಡಿಗೇನ? ನಾನ ಕೈ ಕೊಟ್ಟೇನಿ, ನೀ ಬಣ್ಣ ಹಾಕಿದಿ" ಎಂದು ಗದರಿಸಿದೆ. ಊದಿದ ಕೈಯಿಂದ ಅವನ ಭುಜ ಹಿಡಿಯಲಾಗಲಿಲ್ಲ. ಮೊಣಕೈಯಿಂದ ತಿವಿದೆ. ಅಷ್ಟಕ್ಕೆ ಒಂದು ನಗೆ ಬಂತು.

ಬಾಟಲಿಯನ್ನು ಎಸೆಯಿರಿ ಎಂದು ಡಾಕ್ಟರು ಹೇಳಿದ್ದರೂ ಅಪ್ಪ ಅದನ್ನು ರಬಕವಿಗೆ ಒಯ್ದ. ಬಣ್ಣಗಾರನ ಚಟ. ಹತ್ತಿ ನೂಲಿಗೆ ಹಚ್ಚಿ ನೋಡಿದನಂತೆ, ತೊಳೆದರೆ ಹೋಯಿತು. ರೇಷ್ಮೆ ಎಳೆಗೆ ಹಚ್ಚಿದರೆ ತೆಳ್ಳಗೆ ಕಂದು ಹಿಡಿಯಿತಂತೆ. ರೇಷ್ಮೆ ಹುಳದ ಮೈಯಿಂದ ಬಂದದ್ದಲ್ಲವೇ, ಅದಕ್ಕೆ ಮೈಯ ಗುಣ ಇರಬೇಕು ಎಂದು ಮುಂದೆ ಬಹಳ ದಿನ ಸಿಕ್ಕವರಿಗೆಲ್ಲ ಹೇಳಿದ. ಕೇಳಿದವರು ಹೌದು ಹೌದೆಂದು ತಲೆಯಾಡಿಸಿ ಹೋಗುತ್ತಿದ್ದರು.

ಇತ್ತ ಕುಬಸದ ದಿನ ಹತ್ತಿರ ಬರುತ್ತಿತ್ತು. ಏಳನೆಯ ತಿಂಗಳಿಗೆಂದು ಮಾತಾಗಿತ್ತು. ನನ್ನ ಕೈಗಳಿಂದ ಒಂದು ಹಿಡಿ ಅಕ್ಕಿಯಿರಲಿ, ಒಂದು ಲೋಟ ಹಿಡಿಯುವುದೂ ಕಷ್ಟ. ಗುಳ್ಳೆ ಒಡೆದು ನೀರು ಸೋರುತ್ತಿತ್ತು. ಬಿಳಿ ಮುಚ್ಚಲು ಹೋಗಿ ನೋಡುವವರೇ ಮುಖ ತಿರುಗಿಸುವಂತೆ ಮಾಡಿಕೊಂಡಿದ್ದೆ. ಅವ್ವನ ಜಾಗ ನನ್ನ ಕೈ ತಪ್ಪಿತು ಎಂದೇ ತಿಳಿದೆ. ಆ ದಿನಗಳಲ್ಲಿ ನಾನು ಯಾರ ಜೊತೆಗೂ ಜಗಳಾಡಲಿಲ್ಲ. ಗಂಡನಿಗೆ ಅದರದೇ ಚಿಂತೆ ಹತ್ತಿತು.

ಸೀರೆ ನೋಡಿ ದಿನ ಗೊತ್ತು ಮಾಡಲು ಬೀಗತಿ ಖುದ್ದಾಗಿ ಬನಹಟ್ಟಿಗೆ ಬಂದರು. ಅಪ್ಪನೇ ಬಣ್ಣ ಹಾಕಿದ ನೂಲಿನಿಂದ ನಮ್ಮ ಮನೆಯಲ್ಲೇ ನೇಯ್ದ ಹಸಿರು ಸೀರೆ. ಆಕೆ ಅದರ ಅಂಚನ್ನು ಬೆರಳಿನಿಂದ ಸವರಿ ಮೆಚ್ಚಿದರು. ಆಮೇಲೆ ನನ್ನ ಕೈ ಕಂಡರು. ಮುಲಾಮು ಹಚ್ಚಿದ, ತೆಳುವಾದ ಬಿಳಿ ಬಟ್ಟೆ ಸುತ್ತಿದ ಕೈಗಳು.

"ಇದೇನಾತವ್ವ?" ಎಂದರು. ನಾನು ಹೇಳಿದೆ. ಲೋಷನ್ನು, ಪಟಕ, ಎಲ್ಲ. ಆಕೆ ಚಹಾದ ಕಪ್ಪು ಕೆಳಗಿಟ್ಟು, "ಇಂಥಾದ್ದು ಯಾಕ ಹಚ್ಚಕೊಳ್ಳಾಕ ಹೋದಿ?" ಎಂದು ಕೇಳಿದರು.

ಎಷ್ಟೋ ದಿನದಿಂದ ಸುಮ್ಮನಿದ್ದ ಬಾಯಿ ಆಗ ತೆರೆಯಿತು. "ನಿಮ್ಮ ಸಲುವಾಗಿರಿ" ಎಂದೆ. "ಲಗ್ನದಾಗ ನಾ ಹಚ್ಚಿದ ಕುಂಕುಮ ನೀವು ಒರಸಿದ್ದು ನೋಡೇನಿ. ನನ್ನ ತಂಗಿಗೆ ನಾ ಉಡಿ ತುಂಬೂ ಮುಂದ ನೀವು ಮತ್ತ ಹಂಗ ಮಾಡಿದ್ರ ನನಗ ತಡಕೊಳ್ಳಾಕ ಆಗೂದಿಲ್ಲ. ಅದಕ್ಕ ಹಚ್ಚಕೊಂಡ್ನಿ."

ಆಕೆ ಸಿಟ್ಟಾಗುತ್ತಾರೆ, ಎದ್ದು ಹೋಗುತ್ತಾರೆ, ಅದರ ಭಾರ ತಂಗಿಯ ಮೇಲೆ ಬೀಳುತ್ತದೆ ಎಂದು ಹೆದರಿದೆ. ಆಕೆ ಹಸಿರು ಸೀರೆಯನ್ನು ಮಡಚಿ ಪಕ್ಕಕ್ಕಿಟ್ಟರು.

"ನೀ ನೋಡಿದಿ ಅಂತ ನನಗ ಗೊತ್ತಿರಲಿಲ್ಲ" ಎಂದರು. "ನನಗ ಅಂಜಿಕಿ ಅವ್ವ. ಊರು ಹೋತು, ಹೊಲ ಹೋತು, ನೀರ ನೋಡಿ ನೋಡಿ ಎಲ್ಲಾದಕ್ಕೂ ಅಂಜಿಕಿ ಹತ್ತೇತಿ. ಈ ಕೂಸಿಗೆ ಏನರ ಹತ್ತಿದ್ರ ಅಂತ ಜೀವ ಹಾರತೈತಿ."

"ಇದು ಹತ್ತೂದಿಲ್ರಿ."

"ನೀ ಹೇಳಿದ್ರ ನಾ ಹೆಂಗ ನಂಬಲಿ?"

ಅದೂ ನ್ಯಾಯದ ಮಾತೇ. "ಹಂಗಾರ ಡಾಕ್ಟರನ್ನ ಕೇಳ್ರಿ. ನಾಡದು ನಾ ಮತ್ತ ಜಮಖಂಡಿಗೆ ಹೋಗಬೇಕು, ನೀವೂ ಬರ್ರಿ" ಎಂದೆ. ಬರುವುದಿಲ್ಲ ಎನ್ನುತ್ತಾರೆ ಎಂದೇ ತಿಳಿದಿದ್ದೆ. ಆಕೆ ಹೂಂ ಎಂದರು. ಎರಡು ದಿನ ನಮ್ಮ ಮನೆಯಲ್ಲೇ ಉಳಿದರು. ನನ್ನ ಕೈ ಆಡದ್ದರಿಂದ ರೊಟ್ಟಿಯನ್ನು ಅವರೇ ಬಡಿದರು. ರೊಟ್ಟಿ ದಪ್ಪಗಿದ್ದವು, ನಾನು ಏನೂ ಅನ್ನಲಿಲ್ಲ. ಅವರಿಗೆ ನನ್ನ ಗಂಡನ ಮಂದ ಕಿವಿ ಮಾತ್ರ ಹಿಡಿಸಲಿಲ್ಲ.

ಜಮಖಂಡಿಯಲ್ಲಿ ಡಾಕ್ಟರ ಎದುರು ಕುಳಿತು ಬೀಗತಿ ವಕೀಲರಂತೆ ಕೇಳಿದರು. ಮುಟ್ಟಿದರೆ ಹತ್ತುತ್ತದೆಯೇ, ಒಂದೇ ತಟ್ಟೆಯಲ್ಲಿ ಉಂಡರೆ ಹತ್ತುತ್ತದೆಯೇ, ಈ ಕೈಯ ಕುಂಕುಮ ಹಚ್ಚಿಕೊಂಡರೆ, ಈ ಕೈ ಹಾಕಿದ ಅಕ್ಕಿ ಬಸುರಿ ತಿಂದರೆ? ಡಾಕ್ಟರು ನನ್ನ ಬಟ್ಟೆ ಬಿಚ್ಚಿ, ಒಣಗುತ್ತಿದ್ದ ಚರ್ಮವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಲೇ ಒಂದೊಂದಕ್ಕೂ ಇಲ್ಲ ಎಂದರು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಅಲ್ಲಲ್ಲಿ ಕೆಲಸ ನಿಲ್ಲಿಸಿವೆ ಅಷ್ಟೆ, ಒಬ್ಬರಿಂದ ಒಬ್ಬರಿಗೆ ದಾಟುವಂಥದ್ದು ಅದರಲ್ಲಿ ಏನೂ ಇಲ್ಲ ಎಂದರು. ಬೀಗತಿ ಮಾತು ಕೇಳುತ್ತಿದ್ದರೋ ಇಲ್ಲವೋ, ಕಣ್ಣು ಮಾತ್ರ ಡಾಕ್ಟರ ಬರಿಗೈಯ ಮೇಲೆಯೇ ಇತ್ತು. ಕಡೆಗೆ ಒಂದು ಪ್ರಶ್ನೆ ಉಳಿಯಿತು.

"ಮುಂದಿನ ವಾರಕ್ಕ ಈ ಕೈ ಆರತಾವೇನ್ರಿ?"

"ಪೂರ್ತಿ ಆರಾಕ ಇನ್ನೂ ದಿವಸ ಬೇಕ್ರಿ."

ಹೊರಗೆ ಬಂದ ಮೇಲೆ ಬೀಗತಿ ಸೆರಗು ಸರಿಮಾಡಿಕೊಂಡು, ಬಸ್ಸಿನ ಬೋರ್ಡು ಓದುತ್ತ, ಏನೋ ಸಣ್ಣ ಸಂಗತಿ ಹೇಳುವವರಂತೆ ಅಂದರು: "ಏಳರಾಗ ಬ್ಯಾಡ. ಒಂಬತ್ತರಾಗ ಮಾಡೂಣು. ನಿನ್ನ ಕೈ ಆರಲಿ."

ನಾನು ಬಸ್ ನಿಲ್ದಾಣದಲ್ಲಿ ಅತ್ತುಬಿಟ್ಟೆ. ಕಣ್ಣೊರೆಸಿಕೊಳ್ಳಲು ಕೈ ಬಾರದು. ಆಕೆ ತಮ್ಮ ಸೆರಗಿನ ಚುಂಗಿನಿಂದ ನನ್ನ ಮುಖ ಒರೆಸಿದರು, ಸ್ವಲ್ಪ ಒರಟಾಗಿಯೇ. "ಸಾಕ ಮಾಡ, ಬಸ್ ಬಂತು ನೋಡ" ಎಂದರು.

ಕೈಗಳು ಆರಿದವು. ಹಳೆಯ ಚರ್ಮ ಬಣ್ಣದ ಸಮೇತ ಸುಲಿದುಹೋಗಿ ಕೆಳಗೆ ಹೊಸದು ಬಂತು. ಡಾಕ್ಟರು ಮೊದಲೇ ಎಚ್ಚರಿಸಿದ್ದಂತೆ ಚರ್ಮ ಘಾಸಿಯಾದ ಕಡೆ ಬಿಳಿ ಇನ್ನಷ್ಟು ಹರಡಿತ್ತು, ಎಡಗೈ ಹೆಬ್ಬೆರಳು ಪೂರ್ತಿ ಬೆಳ್ಳಗಾಗಿತ್ತು. ಬೇರೆ ಔಷಧ ಇವೆ, ನಿಧಾನ ಹಿಡಿಯುತ್ತವೆ, ಬೇಕಾದರೆ ಬಾ ಎಂದಿದ್ದರು. ಬೇಕಾದರೆ ಎಂಬ ಮಾತು ನನಗೆ ಹಿಡಿಸಿತು. ಮುಂದೆ ಹೋದೆ, ಒಂದೆರಡು ಬೆರಳಿನಲ್ಲಿ ಸಾಸಿವೆಯಂಥ ಕಂದು ಚುಕ್ಕೆಗಳೂ ಮೂಡಿದವು. ಅದು ಆಮೇಲಿನ ಮಾತು. ಕುಬಸದ ದಿನ ನಾನು ಎರಡೂ ಮುಂಗೈ ತುಂಬ ಹಸಿರು ಬಳೆ ಇಟ್ಟುಕೊಂಡೆ. ಹಸಿರಿನ ಕೆಳಗೆ ಬಿಳಿ ಎದ್ದು ಕಾಣುತ್ತಿತ್ತು. ಕಾಣಲಿ ಎಂದುಕೊಂಡೆ.

ಆ ದೊಡ್ಡ ಸಾಗವಾನಿ ಬಾಗಿಲಿನೊಳಗಿಂದ ಬೀಗತಿಯ ಕಡೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕುಳಿತರು. ಮುಳುಗಿದ ಊರಿನವರೆಲ್ಲ ಈಗ ಬೇರೆ ಬೇರೆ ಕೇಂದ್ರಗಳಲ್ಲಿದ್ದರು, ಇಂಥ ನೆಪಕ್ಕೇ ಕೂಡುತ್ತಿದ್ದರು. ತಂಗಿ ಹಸಿರು ಸೀರೆಯಲ್ಲಿ, ತುಂಬಿದ ಹೊಟ್ಟೆಯೊಂದಿಗೆ ಮಣೆಯ ಮೇಲೆ ಕುಳಿತಿದ್ದಳು. ನಾನು ಅಕ್ಕಿಯ ತಟ್ಟೆ ಹಿಡಿದು ಎದ್ದಾಗ ಆ ಹೆಂಗಸರಲ್ಲಿ ಹಿರಿಯರೊಬ್ಬರು ನನ್ನ ಕೈ ನೋಡಿ, ಬೀಗತಿಯ ಕಡೆ ನೋಡಿದರು. ನನಗೆ ಬೇಡವಾದ ಅದೇ ಮೌನ.

ಬೀಗತಿ ಮುಂದೆ ಬಂದು ಸೊಸೆಯ ಪಕ್ಕದಲ್ಲೇ ಕುಳಿತರು. "ಮೊದಲ ನನಗ ಕುಂಕುಮ ಹಚ್ಚ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹಣೆ ಮುಂದೆ ಮಾಡಿದರು. "ಆಮ್ಯಾಲ ಮಗಳಿಗೆ ಉಡಿ ತುಂಬುವಿಯಂತ."

ಚಿಟಿಕೆ ತುಂಬ ಕುಂಕುಮ ತೆಗೆದುಕೊಂಡೆ. ಬೇಕಾದ್ದಕ್ಕಿಂತ ಹೆಚ್ಚೇ ಬಂತು. ಹಣೆಯ ಮೇಲೆ ಅರ್ಧ ನಿಂತಿತು, ಅರ್ಧ ಜಾರಿ ಆಕೆಯ ಮೂಗಿನ ಮೇಲೆ ಸುರಿಯಿತು. ಆಕೆಯ ಕೈ ಸೆರಗಿನ ಚುಂಗಿಗೆ ಹೋಯಿತು. ನಾನು ಆ ಚುಂಗನ್ನೇ ನೋಡಿದೆ. ಬ್ಯಾಸಿಗೆಯ ಸೆಕೆ. ಆಕೆ ಆ ಚುಂಗಿನಿಂದ ಮೇಲ್ದುಟಿಯ ಬೆವರನ್ನು, ಕುತ್ತಿಗೆಯ ಬೆವರನ್ನು ಒತ್ತಿಕೊಂಡು, ಮೂಗಿನ ಹತ್ತಿರ ಬಂದಾಗ ಜೋಪಾನವಾಗಿ ದಾಟಿ, ಸೆರಗನ್ನು ಮಡಿಲಿಗೆ ಬಿಟ್ಟರು.

ಆಮೇಲೆ ನಾನು ಐದು ಹಿಡಿ ಅಕ್ಕಿಯನ್ನು ತಂಗಿಯ ಉಡಿಗೆ ಹಾಕಿದೆ. ಅವಳು ಎರಡೂ ಕೈಯಿಂದ ಉಡಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಹಿಂದೆ ಉಳಿದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದರು. ಆ ಹಿರಿಯರೂ ಬಂದರು, ನನ್ನ ಕೈಯ ತಟ್ಟೆಯಿಂದಲೇ ಅಕ್ಕಿ ತೆಗೆದುಕೊಂಡರು.

ಊಟಕ್ಕೆ ಕುಳಿತಾಗ ಯಾರೋ ಬೀಗತಿಗೆ, "ಮೂಗಿನ ಮ್ಯಾಲ ಕುಂಕುಮ ಬಿದ್ದೈತಿ, ಒರಸ್ಕೋಬೇ" ಎಂದರು. ಆಕೆ ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತಿದ್ದರು. ತಲೆ ಎತ್ತದೆ, "ಇರಲಿ ಬಿಡ" ಎಂದರು. ಸಂಜೆ ನಮ್ಮನ್ನು ಬಸ್ಸಿಗೆ ಕಳಿಸಲು ದಿಬ್ಬ ಇಳಿದು ಬಂದಾಗಲೂ ಆ ಮೂಗು ಕೆಂಪಗೇ ಇತ್ತು.